ರೇಡಿಯೋದ ಚೆನ್ನಕ್ಕ

ನಿರ್ಮಲಾ ರೇಡಿಯೋದ ಗುಂಡಿಯನ್ನು ಕಿತ್ತುಬರುವ ಹಾಗೆ ತಿರುಗಿಸಿ ಬಂದ್ ಮಾಡಿದಳು. "ಅವ್ವಾ, ಅದು ನಾನಲ್ಲ. ನಾನು ಇಲ್ಲೇ ನಿನ್ನ ಮುಂದೆ ಕುಂತೀನಿ!"

ಹನ್ನೆರಡು ವರ್ಷ ಅವಳೇ ರೇಡಿಯೋದ ಚೆನ್ನಕ್ಕ. ಆ ಪಾತ್ರಕ್ಕೆ ತನ್ನ ಅಜ್ಜಿಯ ಹೆಸರಿಟ್ಟವಳೂ ಅವಳೇ. ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ ಗೌಡನ ಪಾತ್ರದ ಷಣ್ಮುಖಪ್ಪ ಗೊಬ್ಬರದ ಮಾತೆತ್ತಿದರೆ ಚೆನ್ನಕ್ಕ ಅವನನ್ನು ಗೇಲಿ ಮಾಡುತ್ತಿದ್ದಳು. ಊರಲ್ಲಿ, ಸವಳಂಗದ ಈ ಪಡಸಾಲೆಯಲ್ಲಿ, ತಾಯಿ ಶಿವಗಂಗಮ್ಮ ಒಬ್ಬಳೇ ಕೂತು ಕೇಳಿ ನಗುತ್ತಿದ್ದಳು. ಎಂಬತ್ಮೂರನೇ ಇಸವಿಯಲ್ಲಿ ಕಾರ್ಯಕ್ರಮ ಬದಲಾಯಿತು. ಮಾತು ಕಡಿಮೆ, ಸಿನಿಮಾ ಹಾಡು ಹೆಚ್ಚು. ಗೌಡನ ಪಾತ್ರವನ್ನೇ ತೆಗೆದರು. ಚೆನ್ನಕ್ಕನ ಹೆಸರನ್ನು ಮಾತ್ರ ಉಳಿಸಿಕೊಂಡು, ನಿರ್ಮಲಾಳ ದನಿಗೆ ವಯಸ್ಸಾಯಿತೆಂದು ಕಳಿಸಿ, ಹೊಸ ಹುಡುಗಿಯನ್ನು ಕೂರಿಸಿದರು. ನಿರ್ಮಲಾ ಊರಿಗೆ ಬರುವಷ್ಟರಲ್ಲಿ ತಾಯಿಗೆ ಕಣ್ಣು ಹೋಗಿತ್ತು, ನೆನಪೂ ನಿಲ್ಲುತ್ತಿರಲಿಲ್ಲ.

ಶಿವಗಂಗಮ್ಮ ತಡಕಾಡಿ ಮಗಳ ಕೈಗೆ ಪಟ್ಟನೆ ಹೊಡೆದಳು. "ಯಾರ ಮನೆಯಾಕೆನೇ ನೀನು? ನನ್ನ ಮಗಳು ಮಾತಾಡಾಕೆ ಬರೋದೇ ಈ ಹೊತ್ನಾಗೆ. ಕೇಳಾಕೆ ಬಿಡು."

"ನಾನೇ ಕಣವ್ವಾ ನಿನ್ನ ಮಗಳು!"

"ಒಡಕು ಮಡಕೆ ಬಡಿದಂಗೈತೆ ನಿನ್ನ ದನಿ. ನನ್ನ ಮಗಳ ದನಿ ಹೆಂಗೈತೆ ಅಂತ ನಂಗೊತ್ತಿಲ್ವಾ?"

ಮುದುಕಿಯ ಕೈ ಗುಂಡಿಯನ್ನು ಹುಡುಕುತ್ತ ರೇಡಿಯೋದ ಮೇಲೆಲ್ಲ ತಡಕಾಡಿತು. ಕೊನೆಗೆ ನಿರ್ಮಲಾಳೇ ಗುಂಡಿ ತಿರುಗಿಸಿದಳು. ರೇಡಿಯೋದೊಳಗೆ ಆ ಹೊಸ ಹುಡುಗಿ ನಗುತ್ತ ಎಲ್ಲರಿಗೂ ನಮಸ್ಕಾರ ಹೇಳಿದಳು. ಶಿವಗಂಗಮ್ಮ ರೇಡಿಯೋವನ್ನು ಮಡಿಲಿಗೆಳೆದುಕೊಂಡು, ಅದರ ಮೇಲೆ ಕೈಯಾಡಿಸಿ ಕೇಳಿದಳು:

"ಉಂಡ್ಯೇನವ್ವಾ?"