ಹದಿನಾರನೇ ಚೀಲ

"ದೇಶನೂರಿನ ಹಮಾಲರ ಹಂಗ ಕೋಡ್ ಬರ್ದೀಯಲ್ಲಬೇ, 'ಲಾಭ, ಎರಡು, ಮೂರು' ಅಂತ!" ಹಮಾಲರ ದನಿ ಅಣಕಿಸುತ್ತ ಸೀನಿಯರ್ ಜಂಬುನಾಥ, ಹಮಾಲರ ಮನೆಯಿಂದ ಬಂದ ಆಫ್ರೀನಳ ಕುರ್ಚಿಯ ಮೇಲೆ ಕೈಯೂರಿ ನಿಂತ. ಸಿರುಗುಪ್ಪದ ಅಕ್ಕಿ ಗಿರಣಿಗೆಂದು ಮಾಡಿದ ತೂಕದ ಯಂತ್ರ ಪ್ರತಿಸಲವೂ ಹದಿನಾರನೇ ಚೀಲಕ್ಕೆ ಸಾಯುತ್ತಿತ್ತು. ತಪ್ಪು ಅವಳದೆಂದಾದರೆ ಇವತ್ತೇ ಅವಳ ಕೆಲಸಕ್ಕೆ ಕತ್ತರಿ.

"ಶುಭ-ಅಶುಭ ನೋಡಿ ಒಂದಕ್ಕ 'ಲಾಭ' ಅನ್ನೋ ಮಂದಿಗೆ ಯಂತ್ರದ ಕರ್ನಲ್ ಕೋಡ್ ಯಾಕ ಬೇಕ್ರಿ?" ಪಾರ್ವತಿನಗರದ ಆ ಪುಟ್ಟ ಆಫೀಸಿಗೆಲ್ಲ ಕೇಳುವಂತೆ ನಕ್ಕ. ಅವನ ಬಿಇ ಪದವಿ ಯಾವಾಗಲೂ ಅವನಿಗಿಂತ ಮೊದಲೇ ಬಾಗಿಲು ದಾಟುತ್ತಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ತಪಾಸಣೆಯ ವರದಿ ಮೂಡಿತು. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಾದ ಕರ್ನಲ್ಲಿನಲ್ಲಿ ಚೀಲಗಳಿಗೆ ಹದಿನಾರು ಖಾನೆ, ಸೊನ್ನೆಯಿಂದ ಹದಿನೈದರವರೆಗೆ. ಯಾರೋ ಸೊನ್ನೆ ಬಿಟ್ಟು ಒಂದರಿಂದ ಶುರುಮಾಡಿ, ಕೊನೆಯ ಚೀಲವನ್ನು ಬೇಲಿಯಾಚೆ, ಇಲ್ಲದ ಖಾನೆಗೆ ತುರುಕಿದ್ದರು. ಆಫ್ರೀನ್ ಆ ಸಾಲಿನ ಮೇಲೆ ಉಗುರಿಟ್ಟಳು. ಬರೆದವನ ಹೆಸರು ಜಂಬುನಾಥ. ಪಕ್ಕದಲ್ಲಿ ಅವನದೇ ಟಿಪ್ಪಣಿ: "ಮೊದಲ ಚೀಲಕ್ಕೆ ಸೊನ್ನೆ ಅಶುಭ."

"ಓದ್ರಿ ಸರ್," ಅಂದಳು ಆಫ್ರೀನ್, ಥೇಟ್ ಅವನದೇ ದನಿಯಲ್ಲಿ, "ಆಫೀಸಿಗೆಲ್ಲ ಕೇಳಂಗ."

ಜಂಬುನಾಥ ಕುರ್ಚಿಯಿಂದ ಕೈ ತೆಗೆದ.