ಪುಕ್ಕಟೆ ಫ್ಲಾಪಿ

"ಎರಡು ತಗೊಳ್ಲಾ, ಯಜಮಾನ್ರೇ?" ಎಂದು ಟೋಪಿ ಹಾಕಿದ್ದವನೊಬ್ಬ ಕೇಳಿದಾಗ ವರ್ಲಿನ್‌ನ ದಣಿದ ಮುಖ ಅರಳಿತು. ಹಳೆಯ ಕಂಪ್ಯೂಟರ್‌ಗಳು ಒಂದರೊಡನೊಂದು ಮಾತಾಡುವಂಥ ಆಪರೇಟಿಂಗ್ ಸಿಸ್ಟಮ್ಮನ್ನು ವರ್ಷಗಟ್ಟಲೆ ಕೂತು ಬರೆದು, ಫ್ಲಾಪಿಗಳಿಗೆ ತುಂಬಿ, ಡೇಟನ್ ಊರಿನ ಈ ಹಳೆ ಕಂಪ್ಯೂಟರ್ ಮೇಳಕ್ಕೆ ಪುಕ್ಕಟೆ ಹಂಚಲು ತಂದಿದ್ದ. ಬೆಳಗಿನಿಂದ ಒಬ್ಬರೂ ಫ್ಲಾಪಿ ಕೇಳಿರಲಿಲ್ಲ; ಮೇಜಿನ ಮೇಲಿದ್ದ ಅವನ ಎರಡು ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದವು.

"ಧಾರಾಳವಾಗಿ ತಗೊಳ್ಳಿ. ಎರಡು ಕಂಪ್ಯೂಟರ್ ಇದಾವಾ?"

"ಅಯ್ಯೋ, ಇದನ್ನ ಯಾರು ಹಾಕ್ತಾರೆ! ಖಾಲಿ ಫ್ಲಾಪಿ ಈಗ ಎಲ್ಲಿ ಸಿಗುತ್ತೆ ಹೇಳಿ? ಅಳಿಸಿ ನನ್ನ ಆಟ ತುಂಬ್ಕೋತೀನಿ."

ಅವನು ಹೋದ ಮೇಲೆ ವರ್ಲಿನ್ 'ಹೊಸ ಸಿಸ್ಟಮ್, ಪ್ರಯೋಗಕ್ಕೆ ಲಭ್ಯ' ಎಂಬ ರಟ್ಟನ್ನು ತಿರುಗಿಸಿ, ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ 'ಖಾಲಿ ಫ್ಲಾಪಿ, ಪುಕ್ಕಟೆ' ಎಂದು ಬರೆದ. ಫ್ಲಾಪಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕಿತ್ತ. ಲೋಟದ ಕಾಫಿ ಆರುವಷ್ಟರಲ್ಲಿ ಮೇಜು ಬರಿದಾಯಿತು.

ಪಕ್ಕದಲ್ಲಿ ಹೆಣಿಗೆ ಹಾಕುತ್ತಿದ್ದ ಹೆಂಡತಿ ಮ್ಯಾಕ್ಸೀನ್ ತಲೆಯೆತ್ತಿದಳು. "ಅಲ್ಲ ಮಾರಾಯ, ಒಳಗಿರೋದನ್ನ ನೀನು ಅಳಿಸ್ಲೇ ಇಲ್ವಲ್ಲ!"

"ನಮ್ಮ ಕಂಪ್ಯೂಟರ್ ಹುಚ್ಚರ ಚಾಳಿ ನಂಗೊತ್ತಿಲ್ವಾ?" ಎಂದ ವರ್ಲಿನ್, ಖಾಲಿ ಪೆಟ್ಟಿಗೆ ಮಡಚುತ್ತ. "ಅಳಿಸೋಕೆ ಮುಂಚೆ ಒಳಗೇನಿದೆ ಅಂತ ಒಬ್ಬನಾದ್ರೂ ಇಣುಕ್ತಾನೆ."