ನಿಂತವರನ್ನು ಬಿಡದ ಮಣ್ಣು

ಗಿರಾಕಿಗಳಿಗೆ ತೋರಿಸುವ ಉಮೇದಿನಲ್ಲಿ ಸದಾನಂದ ಪ್ಯಾಂಟು ಮಡಚಿ ಕೆಸರಿಗೆ ಇಳಿದಾಗ ಅದು ಮೀನಖಂಡದವರೆಗೆ ಇತ್ತು. ಭಾನುವಾರದ ಊಟದ ಪಂಕ್ತಿ ಅರ್ಧ ಎದ್ದು ಹೋದರೂ ಅವನು ಅಲ್ಲೇ ನಿಂತಿದ್ದ. ಕೆಸರು ಈಗ ತೊಡೆಗೆ ಬಂದಿತ್ತು.

ಪುಣೆಯ ನಿಗಡಿಯಲ್ಲಿ ಅವನ ಮೀನೂಟದ ಹೋಟೆಲಿನ ಎದುರು ಹೊಸದಾಗಿ ತೋಡಿದ ಹೊಂಡ ಅದು. ಪುಣೆಗೆ ಸಮುದ್ರವನ್ನು ತರಲಾಗದಿದ್ದರೆ ಹೋಗಲಿ, ಅದರ ಬದಿಯ ಜೌಗನ್ನಾದರೂ ತರೋಣವೆಂದು ಕುಮಟೆ ಕಡೆಯಿಂದ ಲಾರಿಯಲ್ಲಿ ಗಜನಿಯ ಮಣ್ಣು ತರಿಸಿದ್ದ. ಗಜನಿಯೆಂದರೆ ಉಬ್ಬರದಲ್ಲಿ ಉಪ್ಪುನೀರು ನುಗ್ಗಿ, ಇಳಿತದಲ್ಲಿ ಹಿಂದೆ ಸರಿಯುವ ಗದ್ದೆ. ಮಣ್ಣಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ನಾಲ್ಕು ಕಾಂಡ್ಲಾ ಗಿಡ ನೆಟ್ಟು, ಪಕ್ಕಕ್ಕೊಂದು ಮುರುಕು ದೋಣಿ ಇಟ್ಟು, ಟ್ಯಾಂಕರಿನ ನೀರಿಗೆ ಪಂಪು ಹಾಕಿ ದಿನಕ್ಕೆರಡು ಸಲ ಉಬ್ಬರ ಇಳಿತವನ್ನೂ ಮಾಡಿಸುತ್ತಿದ್ದ. ದುಡ್ಡಿದ್ದವರ ಹುಚ್ಚಿಗೆ ಚಂದ್ರನ ಹಂಗೂ ಬೇಡ.

ಸಪ್ಲೈಯರ್ ಭೀಮು ಮತ್ತು ಅಡುಗೆಯವರು ಸೇರಿ ಎಳೆದೂ ಎಳೆದೂ ದಣಿದಿದ್ದರು. ಒಂದೊಂದು ಎಳೆತಕ್ಕೂ ತಳದ ಕರಿಮಣ್ಣು ಗುಳುಗುಳು ಎಂದು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತಿತ್ತು.

"ಮಾಲಕರ, ಜಗ್ಗಿದಷ್ಟೂ ಒಳಗ ಹೊಂಟೀರಿ. ಹೊರಗ ಬಂದದ್ದು ನಿಮ್ಮ ಬೆಲ್ಟ್ ಅಷ್ಟ ರೀ" ಎಂದ ಭೀಮು.

ಗಿರಾಕಿಗಳು ಇದೆಲ್ಲ ಹೋಟೆಲಿನ ವ್ಯವಸ್ಥೆಯೆಂದೇ ತಿಳಿದರು. "ಕಾಕಾ, ಇಕಡೆ ಬಘಾ!" ಎಂದು ಕರೆದು ಫೋಟೋ ತೆಗೆದುಕೊಂಡರು. ಒಬ್ಬರು ಮೂಗು ಹಿಡಿದುಕೊಂಡೇ ವಾಸನೆ ಏಕ್‌ದಂ ಒರಿಜಿನಲ್ ಎಂದು ಹೊಗಳಿದರು. ಸದಾನಂದನೂ ಬಿಟ್ಟುಕೊಡಲಿಲ್ಲ. ಇವತ್ತು ಬಂಗಡೆ ಬೇಡ, ಕಾಣೆ ತಗೊಳ್ಳಿ ಎಂದು ಅಲ್ಲಿಂದಲೇ ಆರ್ಡರ್ ತೆಗೆದುಕೊಂಡ, ಚಹಾ ಕುಡಿದ, ಹಪ್ಪಳ ತಡವಾಯಿತೆಂದು ಅಡುಗೆಮನೆಗೆ ಬೈದ. ಬಗ್ಗುವ ಪೈಕಿಯೇ ಅಲ್ಲ ಅವನು.

ಕೊನೆಗೆ ಹೆಂಡತಿ ಪ್ರೇಮಾವತಿ ಕೌಂಟರಿನಿಂದ ಎದ್ದು ಬಂದಳು. "ಮನೋಜನಿಗೆ ಫೋನ್ ಮಾಡ್ತೇನೆ."

"ಅವನನ್ನ ಕರೆದ್ರೆ ನಾನು ಇಲ್ಲೇ ಸಾಯ್ತೇನೆ."

"ಸತ್ತ್ರೂ ತೆಗೀಲಿಕ್ಕೆ ಅವನೇ ಬರಬೇಕಲ್ಲ" ಎಂದು ಅವಳು ನಂಬರು ಒತ್ತಿದಳು.

ಮನೋಜ ಸದಾನಂದನ ತಮ್ಮ, ಹತ್ತಿರದ ಭೋಸರಿಯಲ್ಲಿ ಕ್ಯಾಂಟೀನ್ ನಡೆಸುವವನು. ಏಡಿ ಹಿಡಿಯುತ್ತ ಗಜನಿಯ ಕೆಸರಿನಲ್ಲೇ ಬೆಳೆದವನು. ಉಪ್ಪುಮಣ್ಣು, ಏನೂ ಬೆಳೆಯುವುದಿಲ್ಲ ಎಂದು ಅಣ್ಣ ಮನೆಯ ಗಜನಿಯನ್ನು ಅವನಿಗೊಂದು ಮಾತೂ ಹೇಳದೆ ಮಾರಿದ ಮೇಲೆ ಇಬ್ಬರಿಗೂ ಮಾತಿಲ್ಲ. ಬಂದವನು ಅಣ್ಣನ ಮುಖ ನೋಡಲಿಲ್ಲ. ಹೊಂಡದ ಅಂಚಿನಲ್ಲಿ ಕೂತು ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿದ.

"ಅತ್ತಿಗೆ, ಇದಕ್ಕೆ ಯಾವ ನೀರು ಬಿಟ್ಟದ್ದು?"

"ಟ್ಯಾಂಕರಿಂದು."

"ಅದೇ ಮತ್ತೆ! ಉಪ್ಪು ಇರೋ ತನಕ ಈ ಮಣ್ಣು ಕಾಳುಕಾಳಾಗಿ ಇರ್ತದೆ. ಸಿಹಿನೀರಲ್ಲಿ ಉಪ್ಪು ತೊಳೆದ್ರೆ ಅಂಟು. ನಿಂತವರನ್ನ ಬಿಡೂದಿಲ್ಲ, ಹೇಳಿ ಅವರಿಗೆ. ಮುಂದಕ್ಕೆ ಹೊಟ್ಟೆ ಮೇಲೆ ಮಲಗಬೇಕು. ಭಾರ ಹರಡಿದ್ರೆ ಕಾಲು ತಾನೇ ಬರ್ತದೆ."

"ಕಾಲಿಗೆ ಬೀಳಿಸಲಿಕ್ಕೆ ಮಾಡಿದ ಉಪಾಯ ಇದು! ನನಗೆ ಗೊತ್ತುಂಟು ಹೇಳು ಅವನಿಗೆ" ಎಂದು ಸದಾನಂದ ಹೆಂಡತಿಗೆ ಹೇಳಿದ.

"ನಾನು ಬೇಕಾದ್ರೆ ಆಚೆ ಸರೀತೇನೆ ಅತ್ತಿಗೆ. ಆದ್ರೆ ಕೈ ಹಿಡಿಯೋರು ಯಾರು?"

ಮಣ್ಣು ಮತ್ತೊಂದು ಸಲ ಗುಳುಕ್ ಎಂದಿತು, ಸದಾನಂದನ ಸೊಂಟ ತಣ್ಣಗಾಯಿತು. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅದಕ್ಕಿಂತ ನಾಚಿಕೆ ಹೆಚ್ಚಿತ್ತು. ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಎಲ್ಲರೆದುರು ತಮ್ಮನ ಪಾದದ ಕಡೆಗೆ ಬೋರಲು ಬಿದ್ದ.

"ಅಯ್ಯೋ, ಬೇಡ ಅಣ್ಣ!" ಎಂದು ಮನೋಜ ಕಿರುಚಿದ. ಉಪಾಯ ಹೇಳಿದವನು ತಾನೇ ಎಂಬುದು ಅವನಿಗೆ ಮರೆತೇ ಹೋಯಿತು. ಹಿರಿಯರು ಕಾಲಿಗೆ ಬಿದ್ದರೆ ಕಿರಿಯರ ಆಯುಸ್ಸು ಸವೆಯುತ್ತದೆಂದು ಕೇಳುತ್ತ ಬೆಳೆದವನು. ಗಾಬರಿಯಲ್ಲಿ ಅವನೂ ಇಸ್ತ್ರಿ ಅಂಗಿಯ ಸಮೇತ ಅಣ್ಣನೆದುರು ಉದ್ದಕ್ಕೆ ಬಿದ್ದು, ಚಾಚಿದ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಜೇಜುರಿಯ ಖಂಡೋಬಾನ ದರ್ಶನ ಮುಗಿಸಿ ಊಟಕ್ಕೆ ಬಂದಿದ್ದ ಒಂದು ಕುಟುಂಬ ಇದನ್ನು ಕಂಡು ತಟ್ಟೆ ಬಿಟ್ಟು ಎದ್ದಿತು. ಯಜಮಾನರು ಚಪ್ಪಲಿ ಕಳಚಿದರು. ಹೆಂಗಸು ಚೀಲದಿಂದ ಪ್ರಸಾದದ ಅರಿಸಿನ ತೆಗೆದು, "ಯಳಕೋಟ ಯಳಕೋಟ, ಜಯ ಮಲ್ಹಾರ!" ಎನ್ನುತ್ತ ಇಬ್ಬರ ಮೇಲೂ ತೂರಿದಳು. ಭೀಮು ಎಲ್ಲ ಗೊತ್ತಿದ್ದೂ ಕೈ ಮುಗಿದ. ಬಿಲ್ಲು ಕೊಡಲು ನಿಂತವರೂ ಸಾಲಾಗಿ ನಮಸ್ಕರಿಸತೊಡಗಿದರು.

ಕೆಸರಿನ ಮಟ್ಟದಲ್ಲಿ ಎರಡು ಹಳದಿ ತಲೆಗಳು ಎದುರುಬದುರಾಗಿದ್ದವು.

"ಇದು ನಮ್ಮ ಗಜನಿದೇ ಮಣ್ಣಲ್ವಾ?" ಮನೋಜ ಮೆಲ್ಲನೆ ಕೇಳಿದ.

"ಹೌದು ಮಾರಾಯ. ಬೇರೆಯವರದ್ದು ತರ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಹಿಂದಿನಿಂದ ಪ್ರೇಮಾವತಿಗೆ ಗಂಡನ ಎರಡೂ ಕಾಲು ಕಾಣಿಸಿದವು. ಮಣ್ಣಿನ ಮೇಲೆ ಪಾದದ ತನಕ ಬಿಡಿಸಿಕೊಂಡು, ಕಪ್ಪಗೆ ಮಲಗಿದ್ದವು.

"ಕಾಲು ಬಂತು, ಏಳಿ ಇನ್ನು!" ಎಂದಳು.

ಸದಾನಂದ ತಮ್ಮನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, "ಇಲ್ಲ ಮಾರಾಯ್ತಿ, ಇನ್ನೂ ಬಿಟ್ಟಿಲ್ಲ" ಎಂದ.